ಹಳೆಯ ವಿಮಾನ ಕೊಳ್ಳುವ ಮುನ್ನ ಕೇಳಿ: ಎಷ್ಟು ದಿನ ಸುಮ್ಮನೆ ನಿಂತಿತ್ತು?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹವ್ಯಾಸಕ್ಕೆಂದು ವಿಮಾನ ಹಾರಿಸಲು ಕಲಿಯುವವರು ಈಗ ಅಪರೂಪವೇನಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ ಮುಂದಿನ ಆಸೆ ಸ್ವಂತ ವಿಮಾನ. ನಾಲ್ಕು ಸೀಟಿನ ಪುಟ್ಟ ವಿಮಾನವಾದ ಸೆಸ್ನಾ 172 ಹೊಸದಾದರೆ ಅದರ ಬೆಲೆ 4 ಲಕ್ಷ ಡಾಲರ್ ದಾಟಿದೆ. ಹಾಗಾಗಿ ಕಣ್ಣು ಹೋಗುವುದು 1970ರ ದಶಕದ ವಿಮಾನಗಳ ಜಾಹೀರಾತಿನ ಕಡೆಗೆ. ಊರಿನಲ್ಲಿರುವ ತಂದೆ ತಾಯಿ "ಐವತ್ತು ವರ್ಷ ಹಳೆಯದೇ?" ಎಂದು ಗಾಬರಿಯಾಗುತ್ತಾರೆ. ವಯಸ್ಸೊಂದಕ್ಕೇ ಹೆದರಬೇಕಾಗಿಲ್ಲ. 1956ರಿಂದ ಈಚೆಗೆ 44 ಸಾವಿರಕ್ಕೂ ಹೆಚ್ಚು ಸೆಸ್ನಾ 172ಗಳು ತಯಾರಾಗಿವೆ. ಚೆನ್ನಾಗಿ ನೋಡಿಕೊಂಡ ಹಳೆಯ ವಿಮಾನಗಳು ಇಂದಿಗೂ ದಿನವೂ ಹಾರುತ್ತಿವೆ. ನಿಜವಾಗಿ ಹೆದರಬೇಕಾದದ್ದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆಯುವ ಒಂದು ಸಾಲಿಗೆ: "ಎಂಜಿನ್ ಬಹಳ ಕಡಿಮೆ ಓಡಿದೆ."

ಒಂದು ಲೆಕ್ಕ ಹಾಕಿ ನೋಡಿ. 1978ರ ವಿಮಾನ, 2000ದಲ್ಲಿ ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಪರೀಕ್ಷಿಸಿ, ಮತ್ತೆ ಜೋಡಿಸುವ ಕೆಲಸ) ಆಗಿದೆ, ಅಲ್ಲಿಂದ ಈಚೆಗೆ 600 ಗಂಟೆ ಮಾತ್ರ ಓಡಿದೆ ಎಂದುಕೊಳ್ಳಿ. ಈ ವಿಮಾನದ ಲೈಕಮಿಂಗ್ ಓ-320 ಎಂಜಿನ್‌ಗೆ ಕಂಪನಿ ಹೇಳುವ ಓವರ್‌ಹಾಲ್ ಅವಧಿ 2,000 ಗಂಟೆ. ಇನ್ನೂ 1,400 ಗಂಟೆ ಬಾಕಿ ಇದೆಯಲ್ಲ ಎಂದು ಕೊಳ್ಳುವವರು ಹಿಗ್ಗುತ್ತಾರೆ. ಆದರೆ ಅದೇ ಕಂಪನಿ ಹೇಳುವುದು 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಆ 12 ವರ್ಷ 2012ಕ್ಕೇ ಮುಗಿಯಿತು. ಖಾಸಗಿ ಮಾಲೀಕರಿಗೆ ಈ ಅವಧಿ ಕಾನೂನಿನ ಕಡ್ಡಾಯವಲ್ಲ ನಿಜ, ಆದರೆ ಅದರ ಹಿಂದಿನ ಕಾರಣ ಗಟ್ಟಿಯಾದದ್ದು. 600 ಗಂಟೆಯನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 24 ಗಂಟೆ, ತಿಂಗಳಿಗೆ ಎರಡು. ಅದೂ ಸಮನಾಗಿ ಓಡಿದ್ದರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಒಂದು ಬೇಸಿಗೆಯಲ್ಲಿ ನಲವತ್ತು ಗಂಟೆ ಹಾರಿ, ಆಮೇಲೆ ಎರಡು ವರ್ಷ ಟಾರ್ಪಾಲಿನ ಕೆಳಗೆ ನಿಂತಿರುತ್ತದೆ.

ನಿಂತ ಎಂಜಿನ್ ಹಾಳಾಗುವ ಬಗೆ ಹೀಗೆ. ಲೈಕಮಿಂಗ್ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲ್ಲರ್ ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಮೇಲೆ, ಅಂದರೆ ಎಂಜಿನ್ನಿನ ನೆತ್ತಿಯಲ್ಲಿ. ಓಡುತ್ತಿದ್ದಾಗ ಎಣ್ಣೆ ಸಿಡಿದು ಅದನ್ನು ನೆನೆಸುತ್ತದೆ. ನಿಲ್ಲಿಸಿದ ಮೇಲೆ ಎಣ್ಣೆ ನಿಧಾನವಾಗಿ ಇಳಿದು ಹೋಗುತ್ತದೆ. ಕೆಲವು ವಾರಗಳಲ್ಲಿ ಕ್ಯಾಮ್‌ನ ಉಬ್ಬುಗಳು ಒಣಗುತ್ತವೆ, ರಾತ್ರಿಯ ತಂಪಿಗೆ ಒಳಗೆ ಹನಿಗಟ್ಟಿದ ತೇವ ಅವುಗಳ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತುಕ್ಕಿನ ಚುಕ್ಕೆಗಳು ಸಾಕು. ಮತ್ತೆ ಎಂಜಿನ್ ಓಡಿಸಿದಾಗ ಆ ಚುಕ್ಕೆ ಇರುವ ಜಾಗದಲ್ಲಿ ಉಕ್ಕಿನ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳಲು ಶುರುವಾಗುತ್ತದೆ. ಕೊಂಡವರಿಗೆ ಇದು ಗೊತ್ತಾಗುವುದು ಐವತ್ತೋ ನೂರೋ ಗಂಟೆ ಹಾರಿದ ಮೇಲೆ, ಎಣ್ಣೆ ಫಿಲ್ಟರ್‌ನಲ್ಲಿ ಉಕ್ಕಿನ ಚೂರು ಸಿಕ್ಕಾಗ. ಕ್ಯಾಮ್ ಬದಲಿಸಬೇಕೆಂದರೆ ಎಂಜಿನ್ ಇಬ್ಭಾಗ ಮಾಡಬೇಕು, ಅಂದರೆ ಪೂರ್ತಿ ಓವರ್‌ಹಾಲ್. ಅದರ ಖರ್ಚು ಈಗ ಸುಲಭವಾಗಿ 30 ಸಾವಿರ ಡಾಲರ್ ದಾಟುತ್ತದೆ. ಅದಕ್ಕೇ ಹೇಳುವುದು: ವಾರಕ್ಕೊಮ್ಮೆಯಾದರೂ ಹಾರುತ್ತಾ 1,500 ಗಂಟೆ ಮುಗಿಸಿದ ಎಂಜಿನ್, ಹತ್ತು ವರ್ಷ ಮಲಗಿದ್ದ 300 ಗಂಟೆಯ ಎಂಜಿನ್ನಿಗಿಂತ ಎಷ್ಟೋ ವಾಸಿ.

ಹೀಗಾಗಿ ವಿಮಾನ ನೋಡಲು ಹೋಗುವ ಮುಂಚೆಯೇ ಲಾಗ್‌ಬುಕ್‌ಗಳ ಎಲ್ಲ ಪುಟಗಳ ಫೋಟೋ ತರಿಸಿಕೊಳ್ಳಬೇಕು. ವಿಮಾನದ ಒಡಲಿಗೊಂದು, ಎಂಜಿನ್ನಿಗೊಂದು, ಪ್ರೊಪೆಲ್ಲರ್‌ಗೊಂದು. ಪ್ರತಿ ವರ್ಷದ ವಾರ್ಷಿಕ ತಪಾಸಣೆಯ ದಿನಾಂಕ ಮತ್ತು ಎಂಜಿನ್ ಓಡಿದ್ದನ್ನು ಎಣಿಸುವ ಟ್ಯಾಕೋಮೀಟರ್‌ನ ಗಂಟೆಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡರೆ ವಿಮಾನದ ಜಾತಕ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಯಾವ ವರ್ಷ ಎಷ್ಟು ಹಾರಿತು, ಯಾವ ವರ್ಷ ತಪಾಸಣೆಯೇ ಇಲ್ಲದೆ ಹೋಯಿತು, ಎಲ್ಲಿ ಟ್ಯಾಕೋಮೀಟರ್ ಬದಲಾಗಿ ಅಂಕಿ ಮತ್ತೆ ಸೊನ್ನೆಯಿಂದ ಶುರುವಾಯಿತು, ಎಲ್ಲ ತಿಳಿಯುತ್ತದೆ. ಫಿಲ್ಟರ್ ಇರುವ ಎಂಜಿನ್‌ಗೆ 50 ಗಂಟೆಗೊಮ್ಮೆ ಅಥವಾ ನಾಲ್ಕು ತಿಂಗಳಿಗೊಮ್ಮೆ ಎಣ್ಣೆ ಬದಲಿಸಬೇಕು. ಬರೇ ಜಾಲರಿ ಇದ್ದರೆ 25 ಗಂಟೆಗೆ. ವರ್ಷಕ್ಕೊಂದೇ ಸಲ ಎಣ್ಣೆ ಬದಲಾಗಿದ್ದರೆ ಮಾಲೀಕರ ಆರೈಕೆ ಎಷ್ಟಿತ್ತೆಂದು ಅಲ್ಲೇ ಅರ್ಥವಾಗುತ್ತದೆ.

ಲಾಗ್‌ಬುಕ್‌ನ ಪದಗಳನ್ನೂ ಸೂಕ್ಷ್ಮವಾಗಿ ಓದಬೇಕು. "ಟಾಪ್ ಓವರ್‌ಹಾಲ್" ಎಂದರೆ ಸಿಲಿಂಡರ್‌ಗಳ ಕೆಲಸ ಮಾತ್ರ, ಕೆಳಗಿನ ಕ್ರ್ಯಾಂಕ್‌ಶಾಫ್ಟ್, ಬೇರಿಂಗ್, ಕ್ಯಾಮ್ ಮುಟ್ಟಿರುವುದಿಲ್ಲ. "ಓವರ್‌ಹಾಲ್" ಎಂದಿದ್ದರೂ ಭಾಗಗಳನ್ನು ಹೊಸ ಎಂಜಿನ್ನಿನ ಅಳತೆಗೆ ತಂದರೋ, ಅಥವಾ ಬಳಕೆಗೆ ಅನುಮತಿಸಿದ ಕೊನೆಯ ಸವೆತದ ಮಿತಿಯೊಳಗಿದೆ ಎಂದು ಹಾಗೆಯೇ ಜೋಡಿಸಿದರೋ ಎಂದು ಕೇಳಬೇಕು. ಎರಡಕ್ಕೂ ಹೆಸರು ಒಂದೇ, ಬಾಳಿಕೆ ಒಂದೇ ಅಲ್ಲ. ಗಂಟೆಯನ್ನು ಸೊನ್ನೆಗೆ ಇಳಿಸಿ ಹೊಸ ಲಾಗ್‌ಬುಕ್ ಕೊಡುವ ಅಧಿಕಾರ ಅಮೆರಿಕದಲ್ಲಿ ಇರುವುದು ತಯಾರಕರಿಗೆ ಮತ್ತು ತಯಾರಕರು ಒಪ್ಪಿದ ಸಂಸ್ಥೆಗೆ ಮಾತ್ರ.

ಪ್ರೊಪೆಲ್ಲರ್ ಎಂದಾದರೂ ನೆಲಕ್ಕೆ ತಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಹೊಸ ಪ್ರೊಪೆಲ್ಲರ್ ಹಾಕಿದ ದಿನಾಂಕದ ಆಸುಪಾಸಿನಲ್ಲಿ ಮೂಗಿನ ಚಕ್ರದ ಕೆಲಸ ಅಥವಾ ಎಂಜಿನ್ ಕವಚದ ದುರಸ್ತಿ ಕಂಡರೆ ಅನುಮಾನ ಪಡಲೇಬೇಕು. ಪ್ರೊಪೆಲ್ಲರ್ ನೆಲಕ್ಕೆ ಬಡಿದು ಓಡುತ್ತಿರುವ ಎಂಜಿನ್ ಹಠಾತ್ತನೆ ನಿಂತರೆ ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಯ ಗೇರ್ ಮತ್ತು ಅದನ್ನು ಹಿಡಿದಿರುವ ಬೋಲ್ಟ್‌ಗೆ ಪೆಟ್ಟು ಬೀಳುತ್ತದೆ. ಆ ಬೋಲ್ಟ್ ಸಡಿಲವಾದರೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ, ಕ್ಯಾಮ್, ಎಣ್ಣೆ ಪಂಪ್ ಎಲ್ಲವೂ ಒಟ್ಟಿಗೆ ನಿಂತುಬಿಡುತ್ತವೆ. ಲೈಕಮಿಂಗ್ ಎಂಜಿನ್‌ಗಳಿಗೆ ಈ ಕುರಿತು 2004ರಲ್ಲೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯಿಂದ ಕಡ್ಡಾಯ ಆದೇಶ ಬಂದಿದೆ. ಅದರಂತೆ ಕೆಲಸ ಆಗಿದೆ ಎಂಬ ಬರಹ ಲಾಗ್‌ಬುಕ್‌ನಲ್ಲಿ ಇರಬೇಕು, ಬಾಯಿಮಾತು ಸಾಲದು.

ಮಾಡೆಲ್‌ನ ವರ್ಷವೂ ಗೊತ್ತಿರಲಿ. 1977ರಿಂದ 1980ರವರೆಗಿನ 172ಎನ್ ವಿಮಾನಗಳಲ್ಲಿ ಓ-320-ಎಚ್2ಎಡಿ ಎಂಬ ಎಂಜಿನ್ ಇದೆ. ಇದರಲ್ಲಿ ಮೇಲೆ ಹೇಳಿದ ಕ್ಯಾಮ್ ಮತ್ತು ಅದು ತಳ್ಳುವ ಟ್ಯಾಪೆಟ್‌ಗಳ ಸವೆತದ ಕಾಟ ಹೆಚ್ಚಾಗಿ ಕಂಡದ್ದರಿಂದ ಎಣ್ಣೆಗೆ ಲೈಕಮಿಂಗ್‌ನದೇ ಒಂದು ಸೇರ್ಪಡೆ ಹಾಕುವುದು ಕಡ್ಡಾಯವಾಯಿತು. ಎರಡು ಮ್ಯಾಗ್ನೆಟೊಗಳೂ ಒಂದೇ ಪೆಟ್ಟಿಗೆಯಲ್ಲಿದ್ದು ಒಂದೇ ದಂಡದಿಂದ ತಿರುಗುತ್ತವೆ ಎಂಬುದು ಇದರ ಇನ್ನೊಂದು ಕುಂದು. ಆ ದಂಡ ಕೈಕೊಟ್ಟರೆ ಎರಡೂ ಹೋದಂತೆ. ಹಾಗೆಂದು ಈ ವಿಮಾನವನ್ನೇ ಬಿಡಬೇಕೆಂದಲ್ಲ. ಸತತವಾಗಿ ಹಾರಿದ ಎಚ್2ಎಡಿ ಎಂಜಿನ್‌ಗಳು ಪೂರ್ತಿ 2,000 ಗಂಟೆ ಬಾಳಿವೆ. ಬೆಲೆ ಮಾತಾಡುವಾಗ ಮಾತ್ರ ಇದನ್ನು ಮರೆಯಬಾರದು.

ಈಗ ವಿಮಾನದ ಬಳಿಗೆ ಬರೋಣ. ಎಂಜಿನ್ ಬಿಸಿಯಿರುವಾಗ ಕಂಪ್ರೆಷನ್ ಪರೀಕ್ಷೆ ಮಾಡುತ್ತಾರೆ. ಸಿಲಿಂಡರ್‌ಗೆ 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟು ಎಷ್ಟು ಉಳಿಯುತ್ತದೆ ಎಂದು ನೋಡುವುದು. ಲೈಕಮಿಂಗ್‌ನಲ್ಲಿ 70ರ ಮೇಲೆ ಇದ್ದರೆ ಸಮಾಧಾನ, 60ಕ್ಕಿಂತ ಕೆಳಗಾದರೆ ಆ ಸಿಲಿಂಡರ್ ಬಿಚ್ಚುವ ಮಾತು ಬರುತ್ತದೆ. ಅಂಕಿಗಿಂತ ಮುಖ್ಯ ಗಾಳಿ ಎಲ್ಲಿಂದ ಸೋರುತ್ತದೆ ಎಂಬುದು. ಸೈಲೆನ್ಸರ್ ಕೊಳವೆಗೆ ಕಿವಿಗೊಟ್ಟಾಗ ಸುಯ್ ಎನ್ನುವ ಸದ್ದು ಕೇಳಿದರೆ ಎಗ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಕಡೆಯಿಂದ ಕೇಳಿದರೆ ಇನ್‌ಟೇಕ್ ವಾಲ್ವ್, ಎಣ್ಣೆ ತುಂಬುವ ಬಾಯಿಯಿಂದ ಬಂದರೆ ಪಿಸ್ಟನ್ ರಿಂಗ್. ಆಮೇಲೆ ಸ್ಪಾರ್ಕ್ ಪ್ಲಗ್ ರಂಧ್ರದಿಂದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಎಗ್ಸಾಸ್ಟ್ ವಾಲ್ವ್‌ನ ಮುಖ ನೋಡಬೇಕು. ಬಣ್ಣದ ಬಳೆಗಳು ನಡುವಿನಿಂದ ಅಂಚಿನವರೆಗೆ ಸಮನಾಗಿ ಹರಡಿದ್ದರೆ ವಾಲ್ವ್ ಆರೋಗ್ಯವಾಗಿದೆ. ಕಾವಲಿಯ ಮೇಲೆ ಒಂದೇ ಬದಿ ಸೀದ ದೋಸೆಯಂತೆ ಅಂಚಿನ ಒಂದು ಕಡೆ ಮಾತ್ರ ಬಣ್ಣ ಬೇರೆಯಾಗಿ ಹಸಿರು ಛಾಯೆಗೆ ತಿರುಗಿದ್ದರೆ ಅಲ್ಲಿ ಬಿಸಿ ಅನಿಲ ಸೋರುತ್ತಿದೆ, ಕಂಪ್ರೆಷನ್ ಅಂಕಿ ಇಂದು ಚೆನ್ನಾಗಿದ್ದರೂ ವಾಲ್ವ್ ಸುಡುತ್ತಿದೆ.

ಎಣ್ಣೆ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಬಿಸಿಲಿಗೆ ಹಿಡಿದು ನೋಡಲೇಬೇಕು. ಅಯಸ್ಕಾಂತಕ್ಕೆ ಅಂಟುವ ಚೂರು ಉಕ್ಕು, ಅಂದರೆ ಕ್ಯಾಮ್ ಅಥವಾ ಸಿಲಿಂಡರ್ ಗೋಡೆ. ಅಂಟದ ಬೆಳ್ಳಗಿನ ಚೂರು ಅಲ್ಯೂಮಿನಿಯಂ, ಪಿಸ್ಟನ್ ಪಿನ್ನಿನ ಮುಚ್ಚಳದಿಂದ ಬಂದಿರಬಹುದು. ಮಾರುವವರು "ನಿನ್ನೆಯಷ್ಟೇ ಎಣ್ಣೆ ಬದಲಿಸಿದೆವು" ಎಂದರೆ ಹಳೆಯ ಫಿಲ್ಟರ್ ಎಲ್ಲಿ ಎಂದು ಕೇಳಿ.

ಎಂಜಿನ್ ಎಷ್ಟೇ ದುಬಾರಿಯಾದರೂ ಬದಲಿಸಬಹುದು. ಒಡಲಿಗೆ ತುಕ್ಕು ಹಿಡಿದರೆ ಎಷ್ಟೋ ಸಲ ವಿಮಾನವನ್ನೇ ಬಿಡಬೇಕಾಗುತ್ತದೆ. ಅಲ್ಯೂಮಿನಿಯಂ ತುಕ್ಕು ಕೆಂಪಲ್ಲ, ವಿಭೂತಿಯಂಥ ಬಿಳಿ ಪುಡಿ. ಬಣ್ಣದ ಕೆಳಗೆ ಎರೆಹುಳು ಹರಿದಂತೆ ಸಣ್ಣ ಉಬ್ಬುಗೆರೆಗಳಾಗಿಯೂ ಕಾಣುತ್ತದೆ. ಹೆಚ್ಚು ಅಪಾಯದ್ದು ಪದರ ಪದರವಾಗಿ ಲೋಹವೇ ಹೊಟ್ಟೆ ಉಬ್ಬಿಸಿಕೊಳ್ಳುವ ಬಗೆ. ರೆಕ್ಕೆಯ ಮುಖ್ಯ ತೊಲೆಯಾದ ಸ್ಪಾರ್‌ನಲ್ಲಿ ಇದು ಕಂಡರೆ ಅಲ್ಲಿಗೇ ಮಾತುಕತೆ ನಿಲ್ಲಿಸಬಹುದು. ಹಳೆಯ ಸೆಸ್ನಾಗಳಲ್ಲಿ ಒಳಭಾಗಕ್ಕೆ ತುಕ್ಕು ತಡೆಯುವ ಪ್ರೈಮರ್ ಪೂರ್ತಿಯಾಗಿ ಹಚ್ಚಿರುತ್ತಿರಲಿಲ್ಲ. ತುಕ್ಕು ತಿಂದ ಕರಾವಳಿಯ ಕಬ್ಬಿಣದ ಗೇಟನ್ನು ನೋಡಿ ಬೆಳೆದ ಮಂಗಳೂರು, ಉಡುಪಿಯವರಿಗೆ ಉಪ್ಪುಗಾಳಿಯ ಗುಣ ಹೇಳಿಕೊಡಬೇಕಿಲ್ಲ. ಫ್ಲೋರಿಡಾ ಅಥವಾ ಮೆಕ್ಸಿಕೋ ಕೊಲ್ಲಿಯ ದಂಡೆಯಲ್ಲಿ ಬಯಲಲ್ಲಿ ನಿಂತ ವಿಮಾನಕ್ಕೂ ಅರಿಜೋನಾದ ಒಣಹವೆಯ ವಿಮಾನಕ್ಕೂ ಅಜಗಜಾಂತರ. ಆದ್ದರಿಂದ ಲಾಗ್‌ಬುಕ್‌ನಲ್ಲಿ ಪ್ರತಿ ತಪಾಸಣೆ ಯಾವ ಊರಿನಲ್ಲಿ ಆಯಿತು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಇಂದು ಅರಿಜೋನಾದಲ್ಲಿ ಮಾರಾಟಕ್ಕಿದ್ದರೂ ಇಪ್ಪತ್ತು ವರ್ಷ ಸಮುದ್ರದ ಪಕ್ಕದಲ್ಲಿ ಕಳೆದಿರಬಹುದು.

ರೆಕ್ಕೆಯ ಕೆಳಗಿನ ತಪಾಸಣಾ ಮುಚ್ಚಳಗಳನ್ನೆಲ್ಲ ತೆಗೆಸಿ, ಟಾರ್ಚು ಕನ್ನಡಿ ಹಿಡಿದು ನೋಡಬೇಕು. ಸೀಟು, ಕಾರ್ಪೆಟ್ ಎತ್ತಿಸಿ ನೆಲದ ಕೆಳಗೂ ನೋಡಬೇಕು. ಬಾಗಿಲು, ಕಿಟಕಿಗಳಿಂದ ಸೋರಿದ ಮಳೆನೀರು ನಿಲ್ಲುವುದು ಅಲ್ಲೇ. ಬಹುಕಾಲ ನಿಂತ ವಿಮಾನದಲ್ಲಿ ಇಲಿಗಳು ರೆಕ್ಕೆಯೊಳಗೆ, ಬಾಲದೊಳಗೆ ಗೂಡು ಕಟ್ಟುತ್ತವೆ. ಗೂಡು ತೆಗೆದು ಬಿಸಾಡಿದರೆ ಮುಗಿಯಲಿಲ್ಲ, ಇಲಿಯ ಉಚ್ಚೆ ಬಿದ್ದ ಕಡೆ ಲೋಹ ಕೊರೆದುಕೊಂಡು ಹೋಗಿರುತ್ತದೆ. ಹೊಸದಾಗಿ ಬಣ್ಣ ಬಳಿದ ವಿಮಾನವಾದರೆ ಎರಡು ಪಟ್ಟು ಎಚ್ಚರ ಬೇಕು. ಬಣ್ಣ ಹಚ್ಚಿದ ಮೇಲೆ ರೆಕ್ಕೆ ಮತ್ತು ಬಾಲದ ಆಡುವ ಭಾಗಗಳಾದ ಏಲರಾನ್, ಎಲಿವೇಟರ್, ರಡ್ಡರ್‌ಗಳ ತೂಕದ ಸಮತೋಲ ಪರೀಕ್ಷಿಸಬೇಕು. ಅದರ ಬರಹ ಇಲ್ಲದಿದ್ದರೆ ಬಣ್ಣದವರು ಇನ್ನೇನೇನು ಬಿಟ್ಟಿದ್ದಾರೋ ಎಂದು ಯೋಚಿಸಬೇಕು.

ಪೆಟ್ಟಿನ ಗುರುತುಗಳು ನಿಗದಿತ ಜಾಗದಲ್ಲೇ ಇರುತ್ತವೆ. 172 ಗಟ್ಟಿಯಾಗಿ ಮೂಗಿನ ಮೇಲೆ ಇಳಿದಿದ್ದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಫೈರ್‌ವಾಲ್ ತಗಡು ಸುಕ್ಕುಗಟ್ಟಿರುತ್ತದೆ. ಒಳಗಿನಿಂದ, ಪೆಡಲ್‌ಗಳ ಹತ್ತಿರ ತಲೆ ಹಾಕಿ ನೋಡಿದರೆ ಕಾಣುತ್ತದೆ. ಬಾಲದ ಕೆಳಗಿರುವ, ವಿಮಾನವನ್ನು ನೆಲಕ್ಕೆ ಕಟ್ಟಿಹಾಕುವ ಬಳೆ ಉಜ್ಜಿ ಸವೆದಿದ್ದರೆ ಬಾಲ ನೆಲಕ್ಕೆ ಬಡಿದಿದೆ. ಹ್ಯಾಂಗರ್‌ನಲ್ಲಿ ವಿಮಾನ ತಿರುಗಿಸಲು ಬಾಲದ ಅಡ್ಡರೆಕ್ಕೆಯನ್ನು ಒತ್ತಿ ಮೂಗು ಎತ್ತುವ ಕೆಟ್ಟ ಅಭ್ಯಾಸ ಎಲ್ಲೆಡೆ ಇದೆ, ಅದರಿಂದ ಅದರ ಮುಂದಿನ ಸ್ಪಾರ್ ಬಿರುಕು ಬಿಡುತ್ತದೆ. ತುದಿ ಹಿಡಿದು ಮೆಲ್ಲಗೆ ಎತ್ತಿದಾಗ ಕಟಕಟ ಸದ್ದು ಬಂದರೆ ಒಳಗೆ ನೋಡಲೇಬೇಕು. ರಿವೆಟ್‌ಗಳ ಸುತ್ತ ಹೊಗೆಯಾಡಿದಂತೆ ಕಪ್ಪು ಗೆರೆ ಹರಿದಿದ್ದರೆ ಆ ರಿವೆಟ್ ಅಲ್ಲಾಡುತ್ತಿದೆ. ಅಮೆರಿಕದಲ್ಲಿ ಬಳಸುವ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್‌ಗೆ ನೀಲಿ ಬಣ್ಣ ಹಾಕಿರುತ್ತಾರೆ, ಹಾಗಾಗಿ ರೆಕ್ಕೆಯ ಬುಡದಲ್ಲಿ ನೀಲಿ ಕಲೆ ಕಂಡರೆ ಟ್ಯಾಂಕ್ ಸೋರುತ್ತಿದೆ.

ಸೆಸ್ನಾದಲ್ಲಿ ಸೀಟು ಹಿಂದೆ ಮುಂದೆ ಜಾರುವ ಹಳಿಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ವಿಮಾನ ನೆಲಬಿಟ್ಟು ಮೂಗೆತ್ತುವಾಗ ಪೈಲಟ್ ಸೀಟಿನ ಪಿನ್ ರಂಧ್ರದಿಂದ ಜಾರಿ ಸೀಟು ಹಿಂದಕ್ಕೆ ಓಡಿದರೆ ಪೈಲಟ್ ಕೈಯಲ್ಲಿರುವ ಹಿಡಿಕೆಯನ್ನೇ ಎಳೆದುಕೊಂಡು ಹೋಗುತ್ತಾನೆ, ವಿಮಾನ ಮುಗಿಲಿಗೆ ಮುಖ ಮಾಡಿ ಬೀಳುತ್ತದೆ. ಜೀವಗಳು ಹೋಗಿವೆ. ಅದಕ್ಕೇ 100 ಗಂಟೆ ಅಥವಾ 12 ತಿಂಗಳಿಗೊಮ್ಮೆ ಹಳಿಯ ರಂಧ್ರಗಳನ್ನು ಅಳೆಯುವುದು ಕಡ್ಡಾಯ. ರಂಧ್ರ 0.42 ಇಂಚಿಗಿಂತ ಅಗಲವಾಗಿ ಸವೆದಿದ್ದರೆ ಹಳಿ ಬದಲಿಸಬೇಕು.

ಸೈಲೆನ್ಸರ್‌ನ ಸುತ್ತ ಇರುವ ತಗಡಿನ ಹೊದಿಕೆಯಲ್ಲಿ ಬಿಸಿಯಾದ ಗಾಳಿಯೇ ಚಳಿಗಾಲದಲ್ಲಿ ಕ್ಯಾಬಿನ್‌ಗೆ ಬರುತ್ತದೆ. ಸೈಲೆನ್ಸರ್ ಬಿರುಕು ಬಿಟ್ಟಿದ್ದರೆ ಅದರ ಜೊತೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಸಹ ಬರುತ್ತದೆ. ಹೊದಿಕೆ ಬಿಚ್ಚಿ, ಕೊಳವೆಯೊಳಗೆ ಗಾಳಿ ಊದಿ, ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡುವುದು ಅರ್ಧ ಗಂಟೆಯ ಕೆಲಸ. ಹೊದಿಕೆ ಬಿಚ್ಚದೆ "ಚೆನ್ನಾಗಿದೆ" ಎಂದು ಹೇಳುವ ತಪಾಸಣೆಗೆ ಬೆಲೆಯಿಲ್ಲ.

ಸುಮ್ಮನೆ ನಿಂತದ್ದು ಕೆಟ್ಟದ್ದು ಎಂದೆವು, ಹಾಗೆಂದು ಹಗಲಿರುಳು ದುಡಿದದ್ದೆಲ್ಲ ಒಳ್ಳೆಯದೂ ಅಲ್ಲ. 2018ರ ಏಪ್ರಿಲ್ 4ರಂದು ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿಯ ಪೈಪರ್ ಆರೋ ವಿಮಾನದ ಎಡ ರೆಕ್ಕೆ ಆಕಾಶದಲ್ಲೇ ಕಳಚಿ ಇಬ್ಬರು ಸತ್ತರು. ಅದು 2007ರ ವಿಮಾನ, ಆದರೆ 7,600ಕ್ಕೂ ಹೆಚ್ಚು ಗಂಟೆ ಹಾರಿತ್ತು. ದಿನಕ್ಕೆ ಹಲವು ಬಾರಿ ಇಳಿದು ಏರುವ ತರಬೇತಿಯ ದುಡಿಮೆಯಲ್ಲಿ ಸ್ಪಾರ್‌ನ ಬೋಲ್ಟ್ ರಂಧ್ರದಿಂದ ಲೋಹದ ದಣಿವಿನ ಬಿರುಕು ಬೆಳೆದಿತ್ತು. ಆಮೇಲೆ ಪೈಪರ್ ಪಿಎ-28 ಕುಟುಂಬದ ಎಷ್ಟೋ ವಿಮಾನಗಳಿಗೆ ಬೋಲ್ಟ್ ತೆಗೆದು ಕಣ್ಣಿಗೆ ಕಾಣದ ಬಿರುಕನ್ನೂ ಹಿಡಿಯುವ ಎಡ್ಡಿ ಕರೆಂಟ್ ಉಪಕರಣದಿಂದ ರಂಧ್ರ ಪರೀಕ್ಷಿಸುವ ಆದೇಶ ಬಂತು. ಅದೇ ಕುಟುಂಬದ ಚೆರೋಕಿ, ಆರೋ ಕೊಳ್ಳುವವರು ಆ ಪರೀಕ್ಷೆ ಆಗಿದೆಯೇ, ಆಗಬೇಕಾದ ಗಂಟೆ ಹತ್ತಿರವಿದೆಯೇ ಎಂದು ಕೇಳಬೇಕು. ಕಡ್ಡಾಯ ಆದೇಶಗಳ ಪಟ್ಟಿಯನ್ನು ಮಾರುವವರ ಕಾಗದದಿಂದ ನಂಬದೆ, ವಿಮಾನ, ಎಂಜಿನ್, ಪ್ರೊಪೆಲ್ಲರ್, ಮ್ಯಾಗ್ನೆಟೊಗಳ ಸೀರಿಯಲ್ ನಂಬರ್ ಹಿಡಿದು ಎಫ್‌ಎಎ ದಾಖಲೆಯಿಂದಲೇ ಹೊಸದಾಗಿ ತಯಾರಿಸಬೇಕು.

ನಾಲ್ಕು ಸೀಟು ಎಂಬುದಕ್ಕೂ ಒಂದು ಮಾತು. 172ಎನ್‌ನ ಗರಿಷ್ಠ ತೂಕ 2,300 ಪೌಂಡ್. ದಶಕಗಳಿಂದ ರೇಡಿಯೋ, ಸೌಂಡ್‌ಪ್ರೂಫಿಂಗ್, ಬಣ್ಣದ ಮೇಲೆ ಬಣ್ಣ ಸೇರಿ ಖಾಲಿ ತೂಕ 1,500 ಪೌಂಡ್ ತಲುಪಿದೆ ಎಂದುಕೊಂಡರೆ, 40 ಗ್ಯಾಲನ್ ಇಂಧನಕ್ಕೆ 240 ಪೌಂಡ್ ಕಳೆದು ಉಳಿಯುವುದು 560 ಪೌಂಡ್, ಸುಮಾರು 254 ಕಿಲೋ. ಎಂಬತ್ತು ಕಿಲೋದ ಮೂವರು, ಜೊತೆಗೊಂದು ಚೀಲ. ಊರಿಂದ ಬಂದ ಅಪ್ಪ ಅಮ್ಮನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ತುಂಬಿದ ಟ್ಯಾಂಕಿನೊಂದಿಗೆ ಹೊರಡುವ ಕನಸಿದ್ದರೆ ಈ ಲೆಕ್ಕ ಮೊದಲೇ ಮಾಡಿ. ಖಾಲಿ ತೂಕ ಕಾಗದದ ಮೇಲೆ ಕೂಡಿಸಿ ಕಳೆದದ್ದೋ, ನಿಜವಾಗಿ ತಕ್ಕಡಿಯ ಮೇಲೆ ತೂಗಿದ್ದೋ ಎಂದೂ ನೋಡಿ.

ಕಾಗದಪತ್ರದ ವಿಷಯದಲ್ಲಿ ನಮ್ಮವರು ಎಡವುವುದು ಇಲ್ಲಿ: ಅಮೆರಿಕದಲ್ಲಿ ವಿಮಾನವನ್ನು ಸ್ವಂತ ಹೆಸರಿಗೆ ನೋಂದಾಯಿಸಲು ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎಚ್-1ಬಿ ವೀಸಾದಲ್ಲಿರುವವರಿಗೆ ಪೈಲಟ್ ಲೈಸೆನ್ಸ್ ಸಿಗುತ್ತದೆ, ವಿಮಾನದ ನೋಂದಣಿ ಸಿಗುವುದಿಲ್ಲ. ನಾಲ್ವರು ಗೆಳೆಯರು ಜಂಟಿಯಾಗಿ ಕೊಳ್ಳುವುದಾದರೆ ನಾಲ್ವರಿಗೂ ಆ ಅರ್ಹತೆ ಇರಬೇಕು. ಇಲ್ಲದವರು ಟ್ರಸ್ಟ್ ಮೂಲಕ ಕೊಳ್ಳುವ ದಾರಿ ಇದೆ, ಅದಕ್ಕೆ ವರ್ಷವರ್ಷವೂ ಶುಲ್ಕ ತೆರಬೇಕು, ಮುಂಗಡ ಕೊಡುವ ಮೊದಲೇ ವಕೀಲರನ್ನು ಕೇಳಬೇಕು. ಒಕ್ಲಹೋಮ ಸಿಟಿಯ ಎಫ್‌ಎಎ ದಾಖಲೆಯಲ್ಲಿ ವಿಮಾನದ ಮೇಲೆ ಸಾಲ ಬಾಕಿ ಇದೆಯೇ ಎಂದು ಹುಡುಕಿಸುವುದಕ್ಕೆ ಹೆಚ್ಚು ಹಣ ಬೇಕಿಲ್ಲ. ದೊಡ್ಡ ದುರಸ್ತಿಗಳ 337 ನಮೂನೆಗಳೂ ಅಲ್ಲೇ ಸಿಗುತ್ತವೆ. ಮಾರುವವರ ಲಾಗ್‌ಬುಕ್‌ನಲ್ಲಿ ಇಲ್ಲದ ರೆಕ್ಕೆ ದುರಸ್ತಿಯೊಂದು ಅಲ್ಲಿ ಕಂಡರೆ ಆಶ್ಚರ್ಯವಿಲ್ಲ. ಭಾರತಕ್ಕೆ ತರುವ ಯೋಚನೆ ಇರುವವರಂತೂ ಇಲ್ಲಿನ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎ ಒಪ್ಪಿಗೆಯ ಮಾತು ಮುಗಿಯುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬಾರದು.

ಕೊಳ್ಳುವ ಮುನ್ನದ ತಪಾಸಣೆಗೆ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ. ಏನೇನು ನೋಡಬೇಕೆಂದು ಮೆಕ್ಯಾನಿಕ್‌ಗೆ ಬರೆದು ಕೊಡುವುದು ಕೊಳ್ಳುವವರ ಕೆಲಸ. ಆ ಮೆಕ್ಯಾನಿಕ್ ಅದೇ ವಿಮಾನವನ್ನು ಇದುವರೆಗೆ ನೋಡಿಕೊಂಡವನಾಗಿರಬಾರದು, ಅದೇ ಮಾಡೆಲ್‌ನ ಮೇಲೆ ಕೈ ಪಳಗಿದವನಾಗಿರಬೇಕು. ಮುಂಗಡವನ್ನು ಮೂರನೆಯವರ ಬಳಿ ಇರಿಸಿ, ಹಾರಾಟಕ್ಕೆ ಅಯೋಗ್ಯ ಎನ್ನುವ ದೋಷ ಸಿಕ್ಕರೆ ಮಾರುವವರು ಸರಿಪಡಿಸಬೇಕು, ಇಲ್ಲವೇ ಮುಂಗಡ ವಾಪಸ್ ಎಂದು ಕರಾರಿನಲ್ಲಿ ಬರೆಸಬೇಕು. ಅಗ್ಗದ ಪರೀಕ್ಷೆಗಳು ಮೊದಲು: ದಾಖಲೆ, ಫಿಲ್ಟರ್, ಕಂಪ್ರೆಷನ್, ಸ್ಪಾರ್. ಇವುಗಳಲ್ಲೇ ಸೋತರೆ ಮುಂದಿನದಕ್ಕೆ ಹಣ ಸುರಿಯಬೇಕಿಲ್ಲ.

ಪರೀಕ್ಷಾ ಹಾರಾಟಕ್ಕೆ ಹೋದಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಿ, ಹೋದ ಕೂಡಲೇ ಸಿಲಿಂಡರ್ ಮೇಲೆ ಕೈಯಿಟ್ಟು ನೋಡಿ. ತಣ್ಣಗಿನ ಎಂಜಿನ್ ಮೊದಲ ಕೆಲವು ನಿಮಿಷ ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಓಡಿ ಆಮೇಲೆ ಸರಿಯಾದರೆ ಎಗ್ಸಾಸ್ಟ್ ವಾಲ್ವ್ ಅದರ ಗೈಡ್‌ನಲ್ಲಿ ಅಂಟಿಕೊಳ್ಳುತ್ತಿದೆ. ಮುಂಚೆಯೇ ಬಿಸಿ ಮಾಡಿಟ್ಟರೆ ಈ ರೋಗ ಕಾಣುವುದೇ ಇಲ್ಲ. 172ಎನ್‌ನಲ್ಲಿ ಎಂಜಿನ್ ನಿಮಿಷಕ್ಕೆ 1,700 ಸುತ್ತಿನಲ್ಲಿ ಓಡುವಾಗ ಒಂದೊಂದೇ ಮ್ಯಾಗ್ನೆಟೊಗೆ ಬದಲಿಸಿದಾಗ ಇಳಿಕೆ 125 ಸುತ್ತು ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಆಕಾಶದಲ್ಲಿ ಸಮಮಟ್ಟದಲ್ಲಿ ಕೈಬಿಟ್ಟರೆ ಒಂದು ರೆಕ್ಕೆ ಬೇಗನೆ ವಾಲುತ್ತದೆಯೇ ನೋಡಿ. ಇಳಿದ ಮೇಲೆ ಎಂಜಿನ್ ಕವಚ ತೆಗೆಸಿ ಹೊಸ ಎಣ್ಣೆ ಹನಿ ಹುಡುಕಿ.

ಕೊಂಡದ್ದಾಯಿತೆಂದು ಅಂದೇ ಮನೆಮಂದಿಯನ್ನು ಕೂರಿಸಿಕೊಂಡು ದೂರ ಹೊರಡಬೇಡಿ. ತಪಾಸಣೆಗಾಗಿ ಬಿಚ್ಚಿ ಜೋಡಿಸಿದ ವಿಮಾನದಲ್ಲಿ ಬಿಗಿಯದೆ ಉಳಿದ ಒಂದು ನಟ್ಟು, ಹಿಂದುಮುಂದಾಗಿ ಸಿಕ್ಕಿಸಿದ ಒಂದು ಕೇಬಲ್ ಇರುವ ಸಾಧ್ಯತೆ ಬೇರೆ ದಿನಗಳಿಗಿಂತ ಆ ದಿನ ಹೆಚ್ಚು. ಮೆಕ್ಯಾನಿಕ್ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿದ ಮೇಲೆ, ಹಿಡಿಕೆಯನ್ನು ಎಡಕ್ಕೆ ತಿರುಗಿಸಿದಾಗ ಎಡ ಏಲರಾನ್ ಮೇಲೇಳುತ್ತದೆಯೇ ಎಂದು ಕಣ್ಣಾರೆ ನೋಡಿ, ಆ ಮಾಡೆಲ್ ಬಲ್ಲ ಬೋಧಕರೊಂದಿಗೆ, ಹಗಲಿನಲ್ಲಿ, ರನ್‌ವೇ ಮೇಲಿನ ಆಕಾಶದಲ್ಲೇ ಒಂದು ಗಂಟೆ ಸುತ್ತು ಹಾರಿ ಇಳಿಯಿರಿ. ನಂತರ ಕವಚ ಬಿಚ್ಚಿ ಇನ್ನೊಮ್ಮೆ ನೋಡಿ.

ಇಂತಿ,
ಹಗುರ ವಿಮಾನಗಳ ನಿರ್ವಹಣೆಯಲ್ಲಿ ತೊಡಗಿರುವ ಓದುಗರು
ಬೆಂಗಳೂರು